ನೀಲಿ ಗೌನಿನ ಪ್ಯಾರಿಸ್ ಹೆಣ್ಣು: ರೆನ್ವಾರ್ ಚಿತ್ರವೊಂದನ್ನು ಎಣ್ಣೆಬಣ್ಣದಲ್ಲಿ ತಿದ್ದಿ ಕಲಿಯುವುದು ಹೇಗೆ

ಚಿಕ್ಕವರಿದ್ದಾಗ ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿದ್ದು ನೆನಪಿದೆ ಅಲ್ವಾ? ಬಣ್ಣದ ಕೆಲಸವನ್ನೂ ಹಾಗೆ ತಿದ್ದಿಯೇ ಕಲಿಯಬಹುದು. ಒಳ್ಳೆಯ ಕೈಯೊಂದು ಬರೆದ ಚಿತ್ರವನ್ನು ಎದುರಿಗಿಟ್ಟುಕೊಂಡು, ಅದರ ಮೇಲೆ ನಮ್ಮ ಕೈ ಓಡಿಸುವುದು.

ಇಲ್ಲಿ ನಾನು ತಿದ್ದಲು ಹಿಡಿದಿರುವುದು ಫ್ರೆಂಚ್ ಚಿತ್ರಕಾರ ಪಿಯರ್ ಆಗಸ್ಟ್ ರೆನ್ವಾರ್ 1874ರಲ್ಲಿ ಬರೆದ ‘ಲಾ ಪಾರಿಸಿಯೆನ್’. ಅಂದರೆ ‘ಪ್ಯಾರಿಸ್ಸಿನವಳು’. ಹೊರಗೆ ಹೊರಟು ನಿಂತ ಹೆಣ್ಣು, ಅಡಿಯಿಂದ ಮುಡಿಯವರೆಗೆ ನೀಲಿ, ಕೈಗೆ ಗವಸು ಏರಿಸಿಕೊಳ್ಳುತ್ತಿದ್ದಾಳೆ. ಅದೇ ವರ್ಷ ಏಪ್ರಿಲ್ 15ರಂದು ಪ್ಯಾರಿಸ್ಸಿನ ಬುಲೆವಾರ್ ದೆ ಕಪುಸಿನ್ ರಸ್ತೆಯಲ್ಲಿ, ಫೋಟೋಗ್ರಾಫರ್ ನಾದಾರ್‌ನ ಹಳೆಯ ಸ್ಟುಡಿಯೋದಲ್ಲಿ ಒಂದು ಪ್ರದರ್ಶನ ಶುರುವಾಯಿತು. ಅಲ್ಲಿ ಕ್ಲೋದ್ ಮೊನೆ ಎಂಬ ಚಿತ್ರಕಾರನ ‘ಇಂಪ್ರೆಷನ್, ಸೂರ್ಯೋದಯ’ ಚಿತ್ರ ನೋಡಿ ಲೂಯಿ ಲೆರುವಾ ಎಂಬ ಪತ್ರಕರ್ತ ಗೇಲಿಗೆ ಹುಟ್ಟಿಸಿದ ಹೆಸರೇ ‘ಇಂಪ್ರೆಷನಿಸ್ಟ್’, ಅಂದರೆ ಕಂಡ ಕ್ಷಣದ ಬೆಳಕು, ಬಣ್ಣವನ್ನು ಹಿಡಿಯುವವರು. ನಮ್ಮ ನೀಲಿ ಹುಡುಗಿಯೂ ಆ ಗೋಡೆಯ ಮೇಲಿದ್ದಳು. ಈಗ ಅವಳು ಬ್ರಿಟನ್ನಿನ ವೇಲ್ಸ್‌ನಲ್ಲಿದ್ದಾಳೆ, ಕಾರ್ಡಿಫ್‌ನ ರಾಷ್ಟ್ರೀಯ ಮ್ಯೂಸಿಯಂನಲ್ಲಿ. ಗ್ವೆಂಡಲಿನ್ ಡೇವಿಸ್ ಎಂಬ ಸಂಗ್ರಾಹಕಿ 1913ರಲ್ಲಿ ಕೊಂಡು, ತಮ್ಮ ಕಾಲಾನಂತರ ಮ್ಯೂಸಿಯಂಗೆ ಸೇರುವಂತೆ ಬರೆದಿಟ್ಟಿದ್ದರು. ಅಲ್ಲಿನ ಜನ ಅವಳನ್ನು ‘ನೀಲಿ ಲೇಡಿ’ ಎಂದೇ ಕರೆಯುತ್ತಾರೆ.

ಅವಳಿಗೆ ರೂಪದರ್ಶಿಯಾಗಿ ನಿಂತವಳು ಆನ್ರಿಯೆತ್ ಆನ್ರಿಯೋ ಎಂಬ ನಟಿ. ಆದರೆ ಚಿತ್ರಕ್ಕೆ ಅವಳ ಹೆಸರಿಲ್ಲ, ಊರಿನ ಹೆಸರಿದೆ. ಇದನ್ನು ತಲೆಯಲ್ಲಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ. ಇಲ್ಲಿ ಮುಖಕ್ಕಿಂತ ಬಟ್ಟೆಯೇ ಜಾಸ್ತಿ ಮಾತಾಡುತ್ತದೆ. ರೆನ್ವಾರ್‌ನ ಅಪ್ಪ ದರ್ಜಿ, ಅಮ್ಮ ಬಟ್ಟೆ ಹೊಲಿಯುವವಳು. ಈ ಗೌನನ್ನು ನೋಡುವಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ಮೊದಲು ಸುಮ್ನೆ ನೋಡಿ

ಬ್ರಷ್ ಮುಟ್ಟುವ ಮೊದಲು ಅರ್ಧ ಗಂಟೆ ನೋಡಿ. ಮ್ಯೂಸಿಯಂನ ಜಾಲತಾಣದಲ್ಲಿ ಚಿತ್ರ ಸಿಗುತ್ತದೆ. ಎರಡು ಪ್ರಿಂಟ್ ಹಾಕಿಸಿ: ಒಂದು ಬಣ್ಣದ್ದು, ಒಂದು ಕಪ್ಪು ಬಿಳುಪಿನದು. ಫೋನಿನಲ್ಲಿ ನೋಡಿದರೆ ಸಾಲದೇ ಎನ್ನಬೇಡಿ. ಒಂದು ಫೋನಿನಲ್ಲಿ ನೇರಳೆಗೆ ತಿರುಗುವ ನೀಲಿ ಇನ್ನೊಂದರಲ್ಲಿ ಹಸಿರಿಗೆ ತಿರುಗುತ್ತದೆ. ಪ್ರಿಂಟೂ ಪೂರ್ತಿ ನಿಜ ಹೇಳುವುದಿಲ್ಲ, ಆದರೆ ಎರಡು ದಿನ ಅದೇ ಸುಳ್ಳನ್ನಾದರೂ ಹೇಳುತ್ತದೆ.

ನೋಡುವಾಗ ಮೂರು ವಿಷಯ ಗಮನಿಸಿ. ಒಂದು, ಅವಳ ಹಿಂದೆ ಏನಿದೆ? ಏನೂ ಇಲ್ಲ. ಗೋಡೆ ಎಲ್ಲಿ ಮುಗಿದು ನೆಲ ಎಲ್ಲಿ ಶುರು ಅನ್ನುವ ಗೆರೆ ಕೂಡ ಇಲ್ಲ. ರೆನ್ವಾರ್ ಮೊದಲು ಒಂದು ಬಾಗಿಲು, ಒಂದು ಪರದೆ ಬರೆದಿದ್ದ. ಆಮೇಲೆ ಎರಡನ್ನೂ ಬಣ್ಣದಿಂದ ಮುಚ್ಚಿಬಿಟ್ಟ. ಎರಡು, ಟೊಪ್ಪಿ. ನೆಟ್ಟಗೆ ಕೂತಿಲ್ಲ, ಒಂದು ಕಿವಿಯ ಕಡೆಗೆ ವಾಲಿದೆ. ಮೂರು, ಗೌನಿನ ಅಂಚಿನ ಕೆಳಗೆ ಇಣುಕುವ ಷೂ ತುದಿ. ಪ್ರದರ್ಶನ ನೋಡಿದ ಒಬ್ಬ ವಿಮರ್ಶಕ ಅದನ್ನು ಪುಟ್ಟ ಕಪ್ಪು ಇಲಿಗೆ ಹೋಲಿಸಿದ್ದ. ಆ ಮಾತು ಓದಿದ ಮೇಲೆ ನನಗಂತೂ ಅಲ್ಲಿ ಷೂ ಕಾಣುವುದಿಲ್ಲ, ಇಲಿಯೇ ಕಾಣುತ್ತದೆ.

ಸಾಮಾನು

ಮೂಲ ಚಿತ್ರ ಸುಮಾರು 163 ಸೆಂಟಿಮೀಟರ್ ಎತ್ತರ, 108 ಸೆಂಟಿಮೀಟರ್ ಅಗಲ. ಅಂದರೆ ಹೆಚ್ಚುಕಮ್ಮಿ ಆಳೆತ್ತರ. ಲೆಕ್ಕ ಹಾಕಿದರೆ ಎತ್ತರ ಅಗಲದ ಒಂದೂವರೆ ಪಟ್ಟು. ನಮಗೆ 12 ಇಂಚು ಅಗಲ, 18 ಇಂಚು ಎತ್ತರದ ಕ್ಯಾನ್ವಾಸ್ ಬೋರ್ಡ್ ಸಾಕು, ಅಳತೆ ಸರಿಯಾಗಿ ಕೂರುತ್ತದೆ. ಇದಕ್ಕಿಂತ ಚಿಕ್ಕದು ತಗೊಂಡರೆ ಮುಖ ಕಡಲೆಬೇಳೆಯಷ್ಟಾಗುತ್ತದೆ.

ಬಣ್ಣಗಳು ಎಂಟು: ಟೈಟಾನಿಯಂ ವೈಟ್, ಕೋಬಾಲ್ಟ್ ಬ್ಲೂ, ಅಲ್ಟ್ರಾಮರೀನ್ ಬ್ಲೂ, ಯೆಲ್ಲೋ ಓಕರ್, ಲೆಮನ್ ಯೆಲ್ಲೋ, ವರ್ಮಿಲಿಯನ್, ಕ್ರಿಮ್ಸನ್, ಬರ್ನ್ಟ್ ಅಂಬರ್. ಕೋಬಾಲ್ಟ್ ದುಬಾರಿ. ಟ್ಯೂಬಿನ ಮೇಲೆ ‘ಹ್ಯೂ’ ಎಂದು ಬರೆದಿದ್ದರೆ ಅದು ಅಸಲಿ ಕೋಬಾಲ್ಟ್ ಅಲ್ಲ, ಬೇರೆ ಬಣ್ಣ ಬೆರೆಸಿ ಹತ್ತಿರಕ್ಕೆ ತಂದದ್ದು. ಅಭ್ಯಾಸಕ್ಕೆ ಅದೂ ಆಗುತ್ತದೆ. ಆದರೆ ಈ ಚಿತ್ರದಲ್ಲಿ ಒಂದು ಬಣ್ಣಕ್ಕೆ ದುಡ್ಡು ಖರ್ಚು ಮಾಡುವುದಿದ್ದರೆ ಅದು ಇದಕ್ಕೇ. ಕಪ್ಪು ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಬಿರುಸು ಕೂದಲಿನ ಚಪ್ಪಟೆ ಬ್ರಷ್ ಎರಡು: ಅರ್ಧ ಇಂಚಿನದು, ಕಾಲು ಇಂಚಿನದು. ಮುಖಕ್ಕೆ ಮೆತ್ತಗಿನ, ಚಿಕ್ಕ ಗುಂಡು ಬ್ರಷ್ ಒಂದು. ಟರ್ಪೆಂಟೈನ್, ಅಗಸೆ ಎಣ್ಣೆ, ಹಳೆಯ ಕಾಟನ್ ಪಂಚೆಯ ತುಂಡುಗಳು. ಕಿಟಕಿ ತೆರೆದಿರಲಿ, ಟರ್ಪೆಂಟೈನ್ ವಾಸನೆ ತಲೆಗೇರುತ್ತದೆ.

ಇನ್ನೂ ಒಂದು ಸಾಮಾನು ಬೇಕು, ಅದು ಕಲಾ ಅಂಗಡಿಯಲ್ಲಿ ಸಿಗುವುದಿಲ್ಲ. ಮನೆಯಲ್ಲಿರುವ ಯಾವುದಾದರೂ ಒಂದೇ ಬಣ್ಣದ ನೀಲಿ ಬಟ್ಟೆ. ದುಪಟ್ಟಾ, ಸೀರೆ, ಬೆಡ್‌ಶೀಟ್, ಏನಾದರೂ ಸರಿ. ಅದನ್ನು ಕಿಟಕಿ ಪಕ್ಕದ ಕುರ್ಚಿಯ ಮೇಲೆ ಮಡಿಕೆ ಬೀಳುವಂತೆ ಇಳಿಬಿಡಿ.

ತಳ ಮತ್ತು ಗೆರೆ

ಬಿಳಿ ಬೋರ್ಡಿನ ಮೇಲೆ ನೇರ ಶುರು ಮಾಡಬೇಡಿ. ಓಕರ್‌ಗೆ ಒಂದು ಚೂರು ನೀಲಿ ಬೆರೆಸಿ, ಟರ್ಪೆಂಟೈನ್‌ನಲ್ಲಿ ಚಹಾದ ಹಾಗೆ ತೆಳ್ಳಗೆ ಮಾಡಿ ಬಳಿಯಿರಿ. ಬಟ್ಟೆಯಿಂದ ಒರೆಸಿಬಿಡಿ. ಮಾಸಲು ಕೆನೆಬಣ್ಣದ ಕಲೆ ಉಳಿದರೆ ಸಾಕು. ಒಂದು ದಿನ ಒಣಗಲು ಬಿಡಿ.

ಮಾರನೇ ದಿನ ಪ್ರಿಂಟಿನ ಮೇಲೂ ಬೋರ್ಡಿನ ಮೇಲೂ ಚೌಕ ಹಾಕಿಕೊಳ್ಳಿ. ಬೋರ್ಡಿನಲ್ಲಿ 3 ಇಂಚಿನ ಚೌಕ ಹಾಕಿದರೆ ಅಡ್ಡ 4, ಉದ್ದ 6, ಒಟ್ಟು 24. ಪ್ರಿಂಟಿನಲ್ಲೂ ಅಷ್ಟೇ ಸಂಖ್ಯೆ ಬರುವಂತೆ ಭಾಗ ಮಾಡಿ. ಪೆನ್ಸಿಲ್ ಬೇಡ, ತೆಳು ಅಲ್ಟ್ರಾಮರೀನ್‌ನಲ್ಲಿ ಬ್ರಷ್‌ನಿಂದಲೇ ಗೆರೆ ಎಳೆಯಿರಿ. ಪೆನ್ಸಿಲ್ ಹಿಡಿದ ತಕ್ಷಣ ಕಣ್ಣು, ಮೂಗು, ಗುಂಡಿ ಬರೆಯುವ ಚಪಲ ಹುಟ್ಟುತ್ತದೆ. ನಮಗೀಗ ಬೇಕಿರುವುದು ಹೊರಗಿನ ಆಕಾರ ಮಾತ್ರ.

ಆ ಆಕಾರಕ್ಕೆ ಒಂದು ಗುಟ್ಟಿದೆ. 1860ರ ದಶಕದ ಕೊನೆಗೆ ಯೂರೋಪಿನ ಹೆಂಗಸರು ಸುತ್ತಲೂ ಗುಂಡಗೆ ಉಬ್ಬುವ ಪಂಜರದ ಲಂಗ ಬಿಟ್ಟರು. 1870ರ ದಶಕದಲ್ಲಿ ಆ ಉಬ್ಬೆಲ್ಲ ಸೊಂಟದ ಹಿಂದಕ್ಕೆ ಸರಿಯಿತು. ಒಳಗೆ ಮೆತ್ತೆಯನ್ನೋ ತಂತಿಯ ಚೌಕಟ್ಟನ್ನೋ ಕಟ್ಟಿ, ಬಟ್ಟೆಯನ್ನು ಹಿಂದೆ ಎತ್ತಿ ಕೂರಿಸುತ್ತಿದ್ದರು. ಹಾಗಾಗಿ ಅವಳ ಗೌನು ಎರಡೂ ಕಡೆ ಒಂದೇ ಸಮ ಇಳಿಯುವುದಿಲ್ಲ. ಮುಂದೆ ಸ್ವಲ್ಪ ನೇರ, ಹಿಂದೆ ಉಬ್ಬಿ ಇಳಿಜಾರು. ಇದನ್ನು ಗಂಟೆಯ ಆಕಾರದಲ್ಲಿ ಸಮವಾಗಿ ಬರೆದರೆ ಹತ್ತು ವರ್ಷ ಹಳೆಯ ಫ್ಯಾಷನ್ ಆಗಿಬಿಡುತ್ತದೆ. ಪ್ಯಾರಿಸ್ಸಿನವಳು ಕ್ಷಮಿಸುವುದಿಲ್ಲ!

ನೀಲಿ: ಇಡೀ ದಿನ ಇದಕ್ಕೇ

ಇಲ್ಲಿ ನಿಧಾನವಾಗಿ ಹೋಗೋಣ.

ನಾನು ಮೊದಲ ಸಲ ಈ ಚಿತ್ರ ತಿದ್ದಿದಾಗ ಕೋಬಾಲ್ಟ್ ಟ್ಯೂಬ್ ಹಿಂಡಿ ಗೌನಿಗೆಲ್ಲ ಒಂದೇ ಸಮ ಬಳಿದೆ. ಆಮೇಲೆ ನೆರಳಿಗೆ ಕಪ್ಪು ಬೆರೆಸಿದೆ, ಬೆಳಕಿಗೆ ಬಿಳಿ ಬೆರೆಸಿದೆ. ಸಂಜೆ ದೂರ ನಿಂತು ನೋಡಿದರೆ ಇದ್ದಿಲು ಚೀಲಕ್ಕೆ ತಲೆ ಇಟ್ಟ ಹಾಗಿತ್ತು. ತಪ್ಪು ಎಲ್ಲಿ ಅಂತ ತಿಳಿದದ್ದು ಮನೆಯ ನೀಲಿ ಬೆಡ್‌ಶೀಟನ್ನು ಕಿಟಕಿ ಹತ್ತಿರ ಇಟ್ಟ ಮೇಲೆ.

ಈಗ ನಿಮ್ಮ ಕುರ್ಚಿಯ ಮೇಲಿನ ಬಟ್ಟೆ ನೋಡಿ. ಕಿಟಕಿಯ ಕಡೆಗಿನ ಮಡಿಕೆಯ ಏಣು ಬರೀ ತಿಳಿ ನೀಲಿಯಲ್ಲ, ಒಂಚೂರು ಹಸಿರಿಗೆ ಎಳೆದ ಹಾಗಿದೆ. ಆಳದ ಕಣಿವೆ ಕಪ್ಪಲ್ಲ, ನೇರಳೆಹಣ್ಣಿನ ಸಿಪ್ಪೆಯ ಬಣ್ಣ. ಕಣಿವೆಯ ಒಳಗೋಡೆಯಲ್ಲಿ ಎದುರು ಮಡಿಕೆಯ ನೀಲಿ ಪ್ರತಿಫಲಿಸಿ, ನೆರಳೊಳಗೇ ಒಂದು ತೆಳು ಬೆಳಕು ಇದೆ. ಸೀರೆ ಅಂಗಡಿಯಲ್ಲಿ ಅಮ್ಮಂದಿರು ಟ್ಯೂಬ್‌ಲೈಟ್ ನಂಬದೆ ಸೀರೆಯನ್ನು ಬಾಗಿಲಾಚೆ ಬೆಳಕಿಗೆ ಹಿಡಿದು ನೋಡುತ್ತಾರಲ್ಲ, ಇಂಪ್ರೆಷನಿಸ್ಟರ ಕಣ್ಣೂ ಅದೇ. ಬಟ್ಟೆಗೆ ಸ್ವಂತ ಬಣ್ಣ ಅಂತ ಇರುವುದು ಅಂಗಡಿಯ ಚೀಟಿಯಲ್ಲಿ ಮಾತ್ರ.

ಪ್ಯಾಲೆಟ್ಟಿನ, ಅಂದರೆ ಬಣ್ಣ ಬೆರೆಸುವ ಹಲಗೆಯ ಮೇಲೆ ಮೂರು ಗುಡ್ಡೆ ಮಾಡಿ.

ನಡುಗುಡ್ಡೆ: ಕೋಬಾಲ್ಟ್ ಎರಡು ಪಾಲು, ಅಲ್ಟ್ರಾಮರೀನ್ ಒಂದು ಪಾಲು, ಬಿಳಿ ಅರ್ಧ ಪಾಲು. ಇದೇ ಜಾಸ್ತಿ ಬೇಕಾಗುವುದು, ಧಾರಾಳವಾಗಿ ಮಾಡಿ. ನಡುವೆ ಖಾಲಿಯಾದರೆ ಮತ್ತೆ ಅದೇ ಬಣ್ಣ ಕೂಡಿಸುವುದು ಕಷ್ಟ.

ತಿಳಿಗುಡ್ಡೆ: ನಡುಗುಡ್ಡೆಯಿಂದ ಸ್ವಲ್ಪ ತೆಗೆದು ಬಿಳಿ ಸೇರಿಸಿ, ಬ್ರಷ್ ತುದಿಯಲ್ಲಿ ಮುಟ್ಟಿದಷ್ಟು ಲೆಮನ್ ಯೆಲ್ಲೋ. ಒಗ್ಗರಣೆಗೆ ಇಂಗು ಹಾಕಿದ ಹಾಗೆ. ಜಾಸ್ತಿಯಾದರೆ ಕೆಟ್ಟಿತು. ಟೈಟಾನಿಯಂ ಬಿಳಿ ಬಲು ಜೋರು, ಅದನ್ನೂ ಕಂಜೂಸಿಯಿಂದ ಬಳಸಿ. ರೆನ್ವಾರ್ ಕಾಲದ ಸೀಸದ ಬಿಳಿ ಇಷ್ಟು ಗಡುಸಾಗಿ ಮುಚ್ಚುತ್ತಿರಲಿಲ್ಲ.

ಆಳದ ಗುಡ್ಡೆ: ಅಲ್ಟ್ರಾಮರೀನ್‌ಗೆ ಕಾಲು ಪಾಲು ಕ್ರಿಮ್ಸನ್. ಪ್ಯಾಲೆಟ್ಟಿನ ಮೇಲೆ ಕಪ್ಪಾಗಿ ಕಾಣುತ್ತದೆ, ಕ್ಯಾನ್ವಾಸಿನ ಮೇಲೆ ತೆಳುವಾಗಿ ಎಳೆದರೆ ಆಳವಾದ ನೀಲಿನೇರಳೆ. ನಿಮಗೆ ಬೇಕಾದ ‘ಕಪ್ಪು’ ಇದೇ.

ಹಾಗಂತ ರೆನ್ವಾರ್‌ಗೆ ಕಪ್ಪು ಕಂಡರೆ ಆಗುತ್ತಿರಲಿಲ್ಲ ಅಂತ ತಿಳಿಯಬೇಡಿ. ಅದೇ 1874ರ ಪ್ರದರ್ಶನದಲ್ಲಿ ಅವನ ‘ಲಾ ಲೋಜ್’ ಕೂಡ ಇತ್ತು. ಅದರಲ್ಲಿ ನಾಟಕಶಾಲೆಯ ಬಾಕ್ಸಿನಲ್ಲಿ ಕೂತವಳ ಗೌನಿಗೆ ಪಟ್ಟೆಪಟ್ಟೆ ಕಪ್ಪು ಬಿಳುಪು. ಅವನಿಗೆ ಕಪ್ಪನ್ನೂ ಬಣ್ಣದ ಹಾಗೆ ಬಳಸಲು ಬರುತ್ತಿತ್ತು. ನಾವು ಕಲಿಯುವವರು ಕಪ್ಪನ್ನು ಮಸಿಯ ಹಾಗೆ ಬಳಸುತ್ತೇವೆ. ಅದಕ್ಕೇ ಈ ಕಟ್ಟುಪಾಡು.

ಬಳಿಯುವ ಕ್ರಮ: ಮೊದಲು ನಡುಗುಡ್ಡೆಯ ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿ ಇಡೀ ಗೌನಿಗೆ ಹಾಕಿ. ಅದು ಹಸಿಯಿರುವಾಗಲೇ ಆಳದ ಬಣ್ಣವನ್ನು ಮಡಿಕೆಗಳಲ್ಲಿ ಇಳಿಸಿ. ಕೊನೆಗೆ ತಿಳಿಬಣ್ಣ, ಎಣ್ಣೆ ಬೆರೆಸಿ, ಸ್ವಲ್ಪ ದಪ್ಪಗೆ. ಬ್ರಷ್ ಬಟ್ಟೆ ಬೀಳುವ ದಿಕ್ಕಿನಲ್ಲೇ ಓಡಲಿ. ತೋಳಿನಲ್ಲಿ ಸುತ್ತಿ ಬನ್ನಿ, ಸೊಂಟದ ಹಿಂದೆ ಉಬ್ಬಿನ ಮೇಲೆ ಬಾಗಿಸಿ, ಅಲ್ಲಿಂದ ನೆಲದವರೆಗೆ ಒಂದೇ ಉಸಿರಿಗೆ ಎಳೆಯಿರಿ. ಟೈಲರ್ ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆಯುವುದನ್ನು ನೋಡಿದ್ದೀರಾ? ಕೈ ತಡವರಿಸುವುದಿಲ್ಲ. ಆ ಧಾಟಿ ಬೇಕು.

ಎಳೆದ ಮೇಲೆ ಉಜ್ಜಬೇಡಿ. ಒಂದು ಗೆರೆ ತಪ್ಪಾದರೆ ಬಟ್ಟೆಯಿಂದ ಒರೆಸಿ ಮತ್ತೆ ಎಳೆಯಿರಿ. ಮೂರು ಗುಡ್ಡೆಯನ್ನೂ ಕ್ಯಾನ್ವಾಸಿನ ಮೇಲೆ ನಯಮಾಡುತ್ತಾ ಕೂತರೆ ಕೊನೆಗೆ ಸಿಗುವುದು ಒಂದೇ ಬೂದಿನೀಲಿ.

ಈ ನೀಲಿ ಅವತ್ತಿಗೆ ಎಷ್ಟು ಹೊಸತಾಗಿ ಕಂಡಿರಬೇಕು ಅಂತಲೂ ಯೋಚಿಸಿ. 1856ರಲ್ಲಿ ವಿಲಿಯಂ ಪರ್ಕಿನ್ ಕೃತಕ ನೇರಳೆ ಬಣ್ಣ ಕಂಡುಹಿಡಿದ ಮೇಲೆ ಬಟ್ಟೆಗೆ ಹಾಕುವ ಗಾಢ ಬಣ್ಣಗಳು ಒಂದರ ಹಿಂದೆ ಒಂದು ಬಂದವು. ಚಿತ್ರಕಾರನ ಪೆಟ್ಟಿಗೆಯೂ ಬದಲಾಗಿತ್ತು. ಕೋಬಾಲ್ಟ್ ನೀಲಿಯನ್ನು ತೆನಾರ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ 1802ರಲ್ಲಿ ತಯಾರಿಸಿದ್ದ. ಹಿಂಡಿ ತೆಗೆಯುವ ತವರದ ಟ್ಯೂಬ್ 1841ರಲ್ಲಿ ಬಂತು. ಪೇಟೆಯ ಬಟ್ಟೆಯೂ ಹೊಸ ಬಣ್ಣದ್ದು, ಅದನ್ನು ಬರೆಯುವ ಬಣ್ಣವೂ ಹೆಚ್ಚುಕಮ್ಮಿ ಹೊಸತು.

ಹಿನ್ನೆಲೆ

ಗೌನು ಹಸಿಯಿರುವಾಗಲೇ ಹಿನ್ನೆಲೆ ಮಾಡಿ. ಬಿಳಿ, ಓಕರ್, ಅದಕ್ಕೆ ಪ್ಯಾಲೆಟ್ಟಿನಲ್ಲಿ ಉಳಿದ ನಡುಗುಡ್ಡೆಯ ಚೂರು. ತೆಳ್ಳಗೆ, ಅಲ್ಲಲ್ಲಿ ತಳ ಕಾಣುವಂತೆ ಹಾಕಿ. ಗೌನಿನ ಅಂಚಿಗೆ ಬಂದಾಗ ಕೆಲವು ಕಡೆ ಹಿನ್ನೆಲೆಯನ್ನು ನೀಲಿಯೊಳಕ್ಕೆ ಸ್ವಲ್ಪ ಎಳೆಯಿರಿ, ಕೆಲವು ಕಡೆ ಅಂಚು ಚೂಪಾಗಿಯೇ ಇರಲಿ. ಎಲ್ಲ ಅಂಚೂ ಚೂಪಾದರೆ ಕತ್ತರಿಸಿ ಅಂಟಿಸಿದ ಬೊಂಬೆ.

ಅಲ್ಲೊಂದು ಕುರ್ಚಿ, ಇಲ್ಲೊಂದು ಹೂಜಿ ಬರೆಯುವ ಆಸೆ ಬರುತ್ತದೆ. ಬೇಡ. ರೆನ್ವಾರ್ ಬರೆದಿದ್ದನ್ನೇ ಅಳಿಸಿದ್ದಾನೆ, ಇಲ್ಲದ್ದನ್ನು ನಾವ್ಯಾಕೆ ತುರುಕಬೇಕು? ಕಾಲ ಬಳಿ ತುಸು ನೆರಳು ಕೊಟ್ಟರೆ ಅವಳು ನಿಲ್ಲುತ್ತಾಳೆ.

ಮುಖ, ಕೈ

ಹೊಸಬರು ಹಾಳು ಮಾಡುವ ಜಾಗ ಇದೇ, ಯಾಕೆಂದರೆ ಇಲ್ಲಿಯೇ ಜಾಸ್ತಿ ಕಷ್ಟಪಡುತ್ತಾರೆ. ನಮ್ಮ 18 ಇಂಚಿನ ಬೋರ್ಡಿನಲ್ಲಿ ಮುಖ ಬಲು ಚಿಕ್ಕದು. ರೆಪ್ಪೆ ಎಣಿಸುವ ಜಾಗ ಅಲ್ಲ.

ಬಿಳಿ, ಓಕರ್, ವರ್ಮಿಲಿಯನ್‌ನ ಚುಕ್ಕೆ ಸೇರಿಸಿ ಮೈಬಣ್ಣ ಮಾಡಿ. ಪ್ಯಾಲೆಟ್ಟಿನಲ್ಲಿ ಅದು ಮಾಮೂಲಿ ಗುಲಾಬಿಯಾಗಿ ಕಾಣುತ್ತದೆ. ಕ್ಯಾನ್ವಾಸಿನಲ್ಲಿ ಆ ನೀಲಿಯ ಪಕ್ಕ ಇಟ್ಟ ಕೂಡಲೇ ಹಳದಿಗೆ ತಿರುಗುತ್ತದೆ. ಬಣ್ಣ ತಪ್ಪಾಯಿತು ಅಂತ ಗಾಬರಿಯಾಗಬೇಡಿ. ಪಾಲ್ ಸಿನ್ಯಾಕ್ ಎಂಬ ಚಿತ್ರಕಾರ 1898ರಲ್ಲಿ ಈ ಚಿತ್ರ ನೋಡಿ ಇದನ್ನೇ ಮೆಚ್ಚಿ ಬರೆದಿದ್ದ: ಗೌನಿನ ಶುದ್ಧ ನೀಲಿ ಮೈಯನ್ನು ಹಳದಿ ಮಾಡುತ್ತದೆ, ಅದರ ಪ್ರತಿಫಲನ ಮೈಗೆ ಹಸಿರು ಕೊಡುತ್ತದೆ ಎಂದು.

ಇದರ ಹಿಂದಿನ ಕಥೆ ಚಿತ್ರಕಾರರದ್ದಲ್ಲ, ನೇಕಾರರದ್ದು. ಪ್ಯಾರಿಸ್ಸಿನ ಗೊಬ್ಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಶೆವ್ರಲ್‌ಗೆ ಒಂದು ದೂರು ಬಂತು. ನೀಲಿ ನೇಯ್ಗೆಯೊಳಗಿನ ಕಪ್ಪು ದಾರ ಪೇಲವವಾಗಿದೆ, ಬಣ್ಣ ಸರಿ ಹಾಕಿಲ್ಲ ಅಂತ. ಅವನು ಪರೀಕ್ಷೆ ಮಾಡಿದರೆ ದಾರದ ಬಣ್ಣ ಸರಿಯಾಗಿಯೇ ಇತ್ತು. ಪಕ್ಕದ ನೀಲಿ ಕಣ್ಣಿಗೆ ಮೋಸ ಮಾಡುತ್ತಿತ್ತು. ಅವನು ಅದನ್ನು ವಿವರಿಸಿ 1839ರಲ್ಲಿ ಪುಸ್ತಕ ಮಾಡಿದ, ಚಿತ್ರಕಾರರು ಅದನ್ನು ಓದಿದರು.

ಹಾಗಾಗಿ ಮುಖದ ಬಣ್ಣವನ್ನು ಗೌನು ಮುಗಿದ ಮೇಲೆಯೇ ತೀರ್ಮಾನಿಸಿ. ನೆರಳಿಗೆ ಮೈಬಣ್ಣಕ್ಕೆ ನಡುಗುಡ್ಡೆಯ ಬಣ್ಣ ಸಾಸಿವೆಯಷ್ಟು ಸೇರಿಸಿದರೆ ತೆಳು ಹಸಿರುಬೂದಿ ಸಿಗುತ್ತದೆ. ಗದ್ದದ ಕೆಳಗೆ, ಕೆನ್ನೆಯ ಬದಿಗೆ ಅದೇ ಸಾಕು. ಕಣ್ಣಿಗೆ ಅಲ್ಟ್ರಾಮರೀನ್ ಮತ್ತು ಅಂಬರ್ ಬೆರೆಸಿದ ಎರಡು ಮೆತ್ತನೆಯ ಚುಕ್ಕೆ. ತುಟಿಗೆ ಕ್ರಿಮ್ಸನ್, ಒಂದೇ ಮುಟ್ಟು. ಒಂದು ಹೆಜ್ಜೆ ಹಿಂದೆ ಹೋಗಿ ನೋಡಿ. ನಿಮ್ಮನ್ನೇ ನೋಡುತ್ತಿದ್ದಾಳೆ ಅನಿಸಿದರೆ ಬ್ರಷ್ ಕೆಳಗಿಡಿ.

ಕೈಗಳಲ್ಲಿ ಬೆರಳು ಬಿಡಿಸಬೇಡಿ. ಗವಸಿನ ಕೈಯನ್ನು ಒಂದು ಮುದ್ದೆಯಾಗಿ ಹಾಕಿ, ಮೇಲೆ ಎರಡು ಮೂರು ಗೆರೆ. ಕತ್ತಿನ ಹತ್ತಿರ, ಮಣಿಕಟ್ಟಿನ ಹತ್ತಿರ ಬಿಳಿ ಫ್ರಿಲ್ ಇದೆ. ಅದಕ್ಕೆ ಚೂರು ನೀಲಿ ಬೆರೆಸಿದ ಬಿಳಿ, ದಪ್ಪಗೆ, ಬ್ರಷ್ ತಟ್ಟಿ ತಟ್ಟಿ ಎತ್ತಿ. ಶುದ್ಧ ಬಿಳಿ ಒಂದೆರಡು ಚುಕ್ಕೆ ಮಾತ್ರ.

ಟೊಪ್ಪಿಗೂ ಷೂಗೂ ಅಲ್ಟ್ರಾಮರೀನ್ ಮತ್ತು ಅಂಬರ್. ಟೊಪ್ಪಿ ವಾಲಿರಲಿ. ಇಲಿಯನ್ನು ಕೊನೆಗೆ ಇಡಿ, ಒಂದೇ ಸಲ ಬ್ರಷ್ ಒತ್ತಿ ಎತ್ತಿದರೆ ಆಯಿತು.

ಒಣಗಿಸುವುದು ಮತ್ತು ಒಂದು ಎಚ್ಚರಿಕೆ

ಎಣ್ಣೆಬಣ್ಣ ನೀರು ಆರಿದ ಹಾಗೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಕೋಬಾಲ್ಟ್ ಬೇಗ ಒಣಗುತ್ತದೆ, ಕ್ರಿಮ್ಸನ್ ಸೇರಿಸಿದ ಆಳದ ಮಡಿಕೆಗಳು ತಡ. ಮಳೆಗಾಲದಲ್ಲಿ ಇನ್ನೂ ತಡ. ಅದಕ್ಕೇ ಕೆಳಗಿನ ಪದರ ಟರ್ಪೆಂಟೈನ್‌ನಲ್ಲಿ ತೆಳು, ಮೇಲಿನದು ಎಣ್ಣೆಯಲ್ಲಿ ದಪ್ಪ. ಇದನ್ನು ತಿರುಗುಮುರುಗು ಮಾಡಿದರೆ ಮೇಲಿನದು ಮೊದಲು ಗಟ್ಟಿಯಾಗಿ ಆಮೇಲೆ ಬಿರುಕು ಬಿಡುತ್ತದೆ. ವಾರ್ನಿಷ್‌ಗೆ ಆರು ತಿಂಗಳಾದರೂ ಕಾಯಿರಿ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಗಟ್ಟಿಯಾಗುವಾಗ ಆ ಎಣ್ಣೆ ಬಿಸಿ ಬಿಡುತ್ತದೆ, ಮುದ್ದೆಯೊಳಗೆ ಬಿಸಿ ಕೂಡಿ ತಾನಾಗಿ ಬೆಂಕಿ ಹತ್ತಬಹುದು. ಒಂದೊಂದನ್ನೇ ಬಿಡಿಸಿ ಹೊರಗೆ ಹರವಿ, ಅಥವಾ ನೀರಲ್ಲಿ ನೆನೆಸಿ ಮುಚ್ಚಳದ ತಗಡಿನ ಡಬ್ಬದಲ್ಲಿಡಿ.

ಸಹಿ? ಮುಂದೆ ನಿಮ್ಮದೂ ಬೇಡ, ರೆನ್ವಾರ್‌ನದಂತೂ ಬೇಡವೇ ಬೇಡ. ಬೋರ್ಡಿನ ಹಿಂದೆ ‘ರೆನ್ವಾರ್ ಚಿತ್ರ ನೋಡಿ ಬರೆದದ್ದು’ ಅಂತ ಬರೆದು, ನಿಮ್ಮ ಹೆಸರು, ತಾರೀಖು ಹಾಕಿ. ಅದರ ಕೆಳಗೆ ಮೂರು ಗುಡ್ಡೆಗೂ ಏನೇನು ಎಷ್ಟೆಷ್ಟು ಬೆರೆಸಿದಿರಿ ಅಂತಲೂ ಬರೆದಿಡಿ. ಕುರ್ಚಿಯ ಮೇಲಿನ ದುಪಟ್ಟಾ ತೆಗೆಯಬೇಡಿ, ನಾಳೆ ಮನೆಯಲ್ಲಿ ಯಾರನ್ನಾದರೂ ಹಿಡಿದು ಅದನ್ನೇ ಹೊದಿಸಿ ಕಿಟಕಿ ಹತ್ತಿರ ನಿಲ್ಲಿಸಬಹುದು.